ಆರು ಅಂಕದ ಪ್ರಶ್ನೆ

ಹೊಸದುರ್ಗದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಅದರಲ್ಲಿ ಆರು ವರ್ಷ ಒಂದೇ ಕಾದಂಬರಿಯನ್ನು ಕಲಿಸಿದ್ದೇನೆ. ಹಳೆಯದು, ದೊಡ್ಡವರೆಲ್ಲ ಮೆಚ್ಚಿದ್ದು. ಊರ ಬಾವಿಗೆ ವಿಷ ಹಾಕಿದನೆಂಬ ಅಪವಾದ ಹೊತ್ತು ಊರು ಬಿಟ್ಟುಹೋದ ಒಬ್ಬ ಮಡಕೆ ಮಾರುವವನ ಕಥೆ. ಅವನು ಅದೇ ಬಾವಿಯ ನೀರನ್ನು ಬೊಗಸೆಯಲ್ಲಿ ಕುಡಿದದ್ದನ್ನು ಕಂಡವಳು ಒಂಬತ್ತು ವರ್ಷದ ಹುಡುಗಿ ಒಬ್ಬಳೇ. ಅವಳ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.

ಕೊನೆಯ ಅಧ್ಯಾಯ ಓದುವಾಗ ಪ್ರತಿ ವರ್ಷವೂ ಪುಸ್ತಕ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದೆ. ಆಮೇಲೆ ಬೋರ್ಡಿನ ಮೇಲೆ ಪ್ರಶ್ನೆ ಬರೆಯುತ್ತಿದ್ದೆ. ‘ಈ ಕಾದಂಬರಿಯಲ್ಲಿ ಮುಗ್ಧತೆ ಮತ್ತು ಅನುಕಂಪದ ಮೌಲ್ಯಗಳು ಹೇಗೆ ವ್ಯಕ್ತವಾಗಿವೆ? ವಿವರಿಸಿ.’ ಆರು ಅಂಕ. ಉತ್ತರವನ್ನೂ ನಾನೇ ಬರೆಸುತ್ತಿದ್ದೆ. ಮಕ್ಕಳು ಅದನ್ನೇ ಕಂಠಪಾಠ ಮಾಡಿ ಬರೆಯುತ್ತಿದ್ದರು, ನಾನು ಆರಕ್ಕೆ ಆರು ಕೊಡುತ್ತಿದ್ದೆ.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಬಂತು. ಮಕ್ಕಳನ್ನು ಕದಿಯುವವರು ಜಿಲ್ಲೆಯೊಳಗೆ ಬಂದಿದ್ದಾರೆ, ಹೆಂಗಸರ ವೇಷದಲ್ಲಿ ಬಟ್ಟೆ ಚೀಲ ಹಿಡಿದು ತಿರುಗುತ್ತಾರೆ, ತಿನ್ನಲು ಏನಾದರೂ ಕೊಟ್ಟು ಕರೆದೊಯ್ಯುತ್ತಾರೆ ಎಂದು ಯಾರೋ ಏದುಸಿರಿನಲ್ಲಿ ಹೇಳುತ್ತಿದ್ದರು. ಯಾರು, ಎಲ್ಲಿಂದ, ಒಂದೂ ಇರಲಿಲ್ಲ. ನಾನು ಅದನ್ನು ಇನ್ನೂ ಮೂರು ಗುಂಪುಗಳಿಗೆ ಕಳಿಸಿದೆ. ಕೆಳಗೆ ‘ತಾಯಂದಿರೇ, ಎಚ್ಚರವಾಗಿರಿ’ ಎಂದು ನನ್ನದೂ ಒಂದು ಸಾಲು ಸೇರಿಸಿದೆ.

ಮರುದಿನ ಶನಿವಾರ. ನನ್ನ ಮಗಳು ಅಂಜಲಿ ಎರಡನೇ ತರಗತಿ, ಅವಳಿಗೆ ಅರ್ಧ ದಿನ ಶಾಲೆ. ನನ್ನ ಗಂಡ ಬಾಲರಾಜು ಚಿತ್ರದುರ್ಗದ ಕಚೇರಿಯೊಂದಕ್ಕೆ ಹೋಗಿ ಬರುತ್ತಾರೆ. ಹಾಗಾಗಿ ಶನಿವಾರ ಮಧ್ಯಾಹ್ನ ಅಂಜಲಿ ಪಕ್ಕದ ಮನೆಯ ಏಕಾಂತಮ್ಮನವರ ಹತ್ತಿರ ಇರುತ್ತಾಳೆ. ಅವತ್ತು ಏಕಾಂತಮ್ಮನವರಿಗೆ ಊಟ ಮಾಡಿ ಸ್ವಲ್ಪ ನಿದ್ದೆ ಹತ್ತಿದೆ. ಬಡಾವಣೆ ಮುಗಿದ ಮೇಲೆ ರಾಗಿ ಕೊಯ್ದ ಹೊಲಗಳು. ಆಚೆಯ ರಂಗಸ್ವಾಮಿಯವರ ಹೊಲದಲ್ಲಿ ಎರಡು ದಿನದಿಂದ ಕುರಿ ಮಂದೆ ಬೀಡುಬಿಟ್ಟಿತ್ತು. ಕುರಿ ಮಲಗಿದ ನೆಲಕ್ಕೆ ಬೇರೆ ಗೊಬ್ಬರ ಬೇಡ ಎಂದು ನಮ್ಮ ಕಡೆ ರೈತರು ಕುರಿಯವರನ್ನು ಕರೆದು ನಿಲ್ಲಿಸಿಕೊಳ್ಳುತ್ತಾರೆ. ಒಂದು ಮರಿ ರಸ್ತೆಗೆ ಬಂದಿದೆ, ಅಂಜಲಿ ಅದರ ಹಿಂದೆ ಹೋಗಿದ್ದಾಳೆ.

ನಾನು ಕಾಲೇಜಿನಿಂದ ಬರುವಾಗ ನಮ್ಮ ಬೀದಿಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ವಿದ್ಯುತ್ ಕಂಬದ ಬುಡದಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸನ್ನು ಕೂರಿಸಿದ್ದರು. ತುರುಬು ಬಿಚ್ಚಿಹೋಗಿತ್ತು, ಒಂದು ಕೈಯ ಬಳೆ ಒಡೆದು ರಕ್ತ ಬಂದಿತ್ತು. ಅಂಜಲಿ ಏಕಾಂತಮ್ಮನವರ ಸೊಂಟಕ್ಕೆ ಆತುಕೊಂಡು ಬಿಕ್ಕುತ್ತಿದ್ದಳು. ಗುಂಪಿನ ಮುಂದೆ ಓಬಳೇಶಪ್ಪನವರು ನಿಂತಿದ್ದರು. ನಿವೃತ್ತ ಗುಮಾಸ್ತರು, ವಾಟ್ಸಾಪ್ ಗುಂಪು ನಡೆಸುವವರೂ ಅವರೇ.

“ನೋಡ್ರಿ ಮೇಡಂ, ನಿಮ್ ಮಗಳನ್ನೇ ಹಿಡ್ಕಂಡಿದ್ಲು,” ಎಂದರು. ನನಗೆ ಕೇಳಲಿ ಎಂದು ಅಂಜಲಿಯನ್ನು ಮತ್ತೆ ಕೇಳಿದರು. “ಪುಟ್ಟಾ, ಈಯಮ್ಮ ನಿನ್ ಕೈ ಹಿಡ್ಕಂಡ್ಲಾ?”

“ಹೂಂ.”

“ತಿನ್ನಕೆ ಕೊಟ್ಲಾ?”

“ಹೂಂ.”

“ಕರ್ಕಂಡ್ ಬಂದ್ಲಾ?”

“ಹೂಂ.”

ಮೂರೂ ನಿಜ. ಎಲ್ಲಿಂದ ಎಲ್ಲಿಗೆ ಕರೆದುಕೊಂಡು ಬಂದಳು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ಮುಂದೆ ಹೋಗಿ ಆ ಹೆಂಗಸಿನ ಕೆನ್ನೆಗೆ ಹೊಡೆದೆ. ಒಂದಲ್ಲ, ಎರಡು ಏಟು.

ಅವಳು ತಪ್ಪಿಸಿಕೊಳ್ಳಲಿಲ್ಲ. “ಅವ್ವಾ, ಮುಳ್ಳು ತುಳಿದಿತ್ತು ಕಣವ್ವಾ ಕೂಸು,” ಎಂದಳು. “ಮನೆ ಯಾವ್ದು ಅಂತ ಕೇಳ್ಕಂತ ಕೇಳ್ಕಂತ ಬಂದೆ.”

ಅವಳ ಮಾತು ನನ್ನ ಕಿವಿಗೆ ಬಿತ್ತು, ಅಷ್ಟೇ. ಅಷ್ಟರಲ್ಲಿ ಯಾರೋ ಅವಳ ಚೀಲ ಕೊಡವಿದರು. ಶೇಂಗಾ, ಎಲೆಅಡಿಕೆ, ಒಂದು ಹೊಸ ಫ್ರಾಕು ಬಿದ್ದವು. ಮಗುವಿನ ಬಟ್ಟೆ ಕಂಡದ್ದೇ ಗುಂಪು ಇನ್ನಷ್ಟು ಒತ್ತಿ ಬಂತು. ಮೊದಲೇ ಎತ್ತಿದ್ದ ಒಂದೆರಡು ಫೋನುಗಳ ಜೊತೆ ಇನ್ನೂ ಎರಡು ಮೂರು ಮೇಲೆದ್ದವು. ಪೊಲೀಸರು ಬಾರದೆ ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಠಾಣೆಯಲ್ಲಿ ಒಂದು ಗಂಟೆಯೊಳಗೆ ಎಲ್ಲ ಬಗೆಹರಿಯಿತು. ಅವಳ ಗಂಡ ಎತ್ತಪ್ಪ ಆ ಮಂದೆಯ ಕುರಿಯವನು, ಹೊಲದ ರಂಗಸ್ವಾಮಿಯವರನ್ನು ಕರೆದುಕೊಂಡು ಓಡಿ ಬಂದಿದ್ದ. ಅವಳ ಹೆಸರು ನಾಗಕ್ಕ, ಹಿರಿಯೂರು ತಾಲ್ಲೂಕು ಧರ್ಮಪುರದ ಕಡೆಯ ಹಟ್ಟಿಯವರು, ಫ್ರಾಕು ಮೊಮ್ಮಗಳಿಗೆ ತೆಗೆದುಕೊಂಡದ್ದು. ಅಧಿಕಾರಿ ಅವರ ಹೇಳಿಕೆ ಬರೆದುಕೊಂಡು, ದೂರು ಕೊಡುತ್ತೀರಾ ಎಂದು ಕೇಳಿದರಂತೆ. ಕುರಿ ಬಿಟ್ಟು ಬಂದಿದ್ದೇವೆ, ಹೋಗಬೇಕು ಎಂದು ಗಂಡ ಹೆಂಡತಿ ಹೇಳಿದರಂತೆ. ಇದನ್ನೆಲ್ಲ ಚಿತ್ರದುರ್ಗದಿಂದ ಬಂದ ಬಾಲರಾಜು ಠಾಣೆಯಲ್ಲಿ ವಿಚಾರಿಸಿ ನನಗೆ ಹೇಳಿದರು. ನಾನು ಠಾಣೆಗೆ ಹೋಗಿರಲಿಲ್ಲ.

ಸಂಜೆ ಅಂಜಲಿಯ ಕಾಲು ತೊಳೆಯುವಾಗ ಅಂಗಾಲಿನಲ್ಲಿ ಮುಳ್ಳು ತೆಗೆದ ಗಾಯ ಕಂಡಿತು. ಸುತ್ತ ಮದ್ದಿಗೆ ಹಚ್ಚಿದ ಎಕ್ಕದ ಹಾಲಿನ ಬಿಳಿ ಕಲೆ. “ಅಜ್ಜಿ ಪಿನ್ನಲ್ಲಿ ತೆಗೆದ್ಲು, ಆಮೇಲೆ ಉಫ್ ಅಂತ ಊದಿದ್ಲು,” ಎಂದಳು ಅಂಜಲಿ. “ಅಳಬ್ಯಾಡ ಅಂತ ಶೇಂಗಾ ಕೊಟ್ಲು.”

ಹೊಲ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಿ ಕಾಲು ಹಿಡಿಯಬಹುದಿತ್ತು. ನಾಳೆ ಬೆಳಿಗ್ಗೆ ಹೋಗುತ್ತೇನೆ ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಮಂದೆ ಹೊರಟುಹೋಗಿತ್ತು, ಹಿಕ್ಕೆ ಚೆಲ್ಲಿದ ನೆಲ ಮಾತ್ರ ಇತ್ತು. ಆಗ ನನಗೆ ಆದದ್ದು ದುಃಖವಲ್ಲ. ಎದೆಯ ಭಾರ ಇಳಿದಂತಾಯಿತು. ಇದನ್ನೂ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ನಾನು ಎಂದಿನಂತೆ ಕಾಲೇಜಿಗೆ ಹೋದೆ. ತಿಂಗಳ ಕೊನೆಗೆ ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆ. ಉತ್ತರ ಪತ್ರಿಕೆ ತಿದ್ದುತ್ತ ಕೂತಾಗ ಕಾವ್ಯಶ್ರೀಯ ಪತ್ರಿಕೆ ಬಂತು. ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ಕನ್ನಡದಲ್ಲಿ ಯಾವಾಗಲೂ ಮೊದಲು. ಉಳಿದೆಲ್ಲ ಪ್ರಶ್ನೆಗೂ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದಿದ್ದಳು. ಆ ಆರು ಅಂಕದ ಪ್ರಶ್ನೆಯ ಕೆಳಗೆ ಮಾತ್ರ ಹೀಗಿತ್ತು: ‘ಉತ್ತರ ಗೊತ್ತಿದೆ. ಬರೆಯಲು ಮನಸ್ಸಿಲ್ಲ.’

ಮಧ್ಯಾಹ್ನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ. ಆ ಹೊತ್ತಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಏನಮ್ಮ ಇದು? ಫೈನಲ್ಲಲ್ಲೂ ಹಿಂಗೇ ಬರೀತೀಯಾ?”

“ಇಲ್ಲ ಮೇಡಂ. ಅಲ್ಲಿ ಬರೀತೀನಿ.”

“ಮತ್ತೆ ಇಲ್ಲಿ ಯಾಕೆ ಬರೀಲಿಲ್ಲ?”

ಅವಳು ತಲೆಯೆತ್ತಿ, “ಇಲ್ಲಿ ತಿದ್ದೋರು ನೀವು,” ಎಂದಳು. “ಆ ವಿಡಿಯೋದಲ್ಲಿ ಇರೋದು ನಮ್ ದೊಡ್ಡವ್ವ, ಮೇಡಂ. ನಮ್ಮಪ್ಪನ ಅಣ್ಣನ ಹೆಂಡ್ತಿ.”

ವಿಡಿಯೋ ಹರಿದಾಡುತ್ತಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವಳೇ ನನ್ನ ಫೋನಿನಲ್ಲಿ ಹುಡುಕಿ ತೋರಿಸಿದಳು. ನಲವತ್ತು ಸೆಕೆಂಡಿನದು. ನಾಗಕ್ಕನ ಮುಖ ಹತ್ತಿರಕ್ಕೆ ಬರುತ್ತದೆ, ಒಂದು ಕೈ ಬಂದು ಹೊಡೆಯುತ್ತದೆ, ಫ್ರಾಕು ಬೀಳುತ್ತದೆ. ಕೈ ಯಾರದು ಎಂದು ತಿಳಿಯುವುದಿಲ್ಲ. ಮೇಲೆ ಕೆಂಪು ಅಕ್ಷರದಲ್ಲಿ ‘ಹೊಸದುರ್ಗದಲ್ಲಿ ಸಿಕ್ಕಿಬಿದ್ದ ಮಕ್ಕಳ ಕಳ್ಳಿ.’

“ಕೈ ನಿಮ್ದು ಅಂತ ನಂಗೆ ಬಳೆ ನೋಡಿ ಗೊತ್ತಾತು,” ಎಂದಳು ಕಾವ್ಯಶ್ರೀ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಕೂತಲ್ಲಿ ಕೂರಲಾಗಲಿಲ್ಲ. “ಊರಿಂದೂರಿಗೆ ಹೋದಂಗೆಲ್ಲ ಜನ ಗುರುತು ಹಿಡಿದ್ರಂತೆ. ಹೊಳಲ್ಕೆರೆ ಹತ್ರ ಒಂದು ಹೋಟ್ಲಲ್ಲಿ ಟೀ ಕುಡಿಯಾಕೆ ಕುಂತ್ರೆ ಫೋನ್ ತೋರ್ಸಿ ಎಬ್ಬಿಸಿದ್ರಂತೆ. ಹೊಲದೋರು ಯಾರೂ ಮಂದೆ ನಿಲ್ಲಿಸ್ಕಳ್ಳಿಲ್ಲ. ಯಾವಾಗ್ಲೂ ಬರೋದಕ್ಕಿಂತ ಎರಡು ತಿಂಗ್ಳು ಮೊದ್ಲೇ ಹಟ್ಟಿಗೆ ವಾಪಸ್ ಬಂದವ್ರೆ.”

“ಈ ಭಾನುವಾರ ನನ್ನ ಕರ್ಕೊಂಡು ಹೋಗ್ತೀಯಾ?” ಎಂದು ಕೇಳಿದೆ.

ಅವಳು ತಕ್ಷಣ ಒಪ್ಪಲಿಲ್ಲ. “ದೊಡ್ಡವ್ವನ್ನ ಕೇಳಿ ಹೇಳ್ತೀನಿ,” ಎಂದಳು. ಮರುದಿನ, “ಬಂದ್ರೆ ಬರ್ಲಿ ಅಂದ್ಲು,” ಎಂದಳು.

ಬಾಲರಾಜುಗೆ ಇದು ಹಿಡಿಸಲಿಲ್ಲ. ಮುಗಿದುಹೋದದ್ದನ್ನು ಕೆದಕಬಾರದು, ಅವರು ಕೇಸು ಹಾಕಿದರೆ ಕೆಲಸಕ್ಕೇ ತೊಂದರೆ ಎಂದರು. “ಮುಗಿದಿರೋದು ನಮಗೆ ಮಾತ್ರ ಕಣ್ರಿ,” ಎಂದೆ. ಅವರು ಪೇಪರು ಎತ್ತಿಕೊಂಡು ಒಳಗೆ ಹೋದರು.

ಹಿರಿಯೂರಿಗೆ ಒಂದು ಬಸ್ಸು, ಅಲ್ಲಿಂದ ಧರ್ಮಪುರಕ್ಕೆ ಇನ್ನೊಂದು. ಕಾವ್ಯಶ್ರೀ ಮುಂದಿನ ಸೀಟಿನಲ್ಲಿ ಕೂತಿದ್ದಳು. ಅಂಜಲಿಗೆ ಅಜ್ಜಿಯ ಮನೆಗೆ ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದ್ದೆ. ಆ ಶನಿವಾರದಿಂದ ಅವಳು ಶಾಲೆಗೆ ಬಿಟ್ಟರೆ ಗೇಟಿನಾಚೆ ಕಾಲಿಟ್ಟಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ಹಿರಿಯೂರು ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

“ಅಮ್ಮಾ, ಅವತ್ತು ನಾನು ಸುಳ್ಳು ಹೇಳಿದ್ನಾ?”

“ಇಲ್ಲ ಕಣೇ. ಯಾಕೆ?”

“ನಾನು ಹೂಂ ಅಂದಿದ್ದಕ್ಕೇ ಅಲ್ವಾ ನೀನು ಅಜ್ಜಿಗೆ ಹೊಡೆದಿದ್ದು?”

ಏಳು ವರ್ಷದ ಮಗು ಮೂರು ವಾರ ಈ ಭಾರವನ್ನು ಹೊತ್ತುಕೊಂಡು ಶಾಲೆಗೆ ಹೋಗಿಬಂದಿತ್ತು. ನಾನು ಅವಳನ್ನು ತೊಡೆಯ ಮೇಲೆ ಎಳೆದುಕೊಂಡೆ. “ನೀನು ನಿಜಾನೇ ಹೇಳಿದೆ. ಪೂರ್ತಿ ಕೇಳೋದು ದೊಡ್ಡೋರ ಕೆಲಸ. ನಾವು ಕೇಳಲಿಲ್ಲ. ತಪ್ಪು ನಂದು, ನಿಂದಲ್ಲ.” ಅವಳು ಸ್ವಲ್ಪ ಹೊತ್ತಿಗೆ ನಿದ್ದೆಹೋದಳು. ಕಿಟಕಿಯಾಚೆ ಶೇಂಗಾ ಕಿತ್ತ ಕೆಂಪು ನೆಲ, ಗಾಳಿಯಂತ್ರಗಳ ಸಾಲು.

ಹಟ್ಟಿ ಬಸ್ಸಿಳಿದ ಜಾಗದಿಂದ ಅರ್ಧ ಗಂಟೆಯ ನಡಿಗೆ. ಹೊಂಗೆ ಮರದ ಕೆಳಗೆ ನಾಗಕ್ಕ ಮೊರದಲ್ಲಿ ಶೇಂಗಾ ಕೇರುತ್ತಿದ್ದಳು. ಎತ್ತಪ್ಪ ನಮ್ಮನ್ನು ಕಂಡು ಎದ್ದು ನಿಂತ. ಚಾಪೆ ಹಾಸಿ, “ಕುಂತ್ಕಳ್ರಿ,” ಎಂದ. ಒಳಗಿನಿಂದ ಮಜ್ಜಿಗೆ ತರಿಸಿ ಕೊಟ್ಟ. ನಾಗಕ್ಕ ಕೇರುವುದನ್ನು ನಿಲ್ಲಿಸಲಿಲ್ಲ.

ಅಂಜಲಿ ನನಗಿಂತ ಮೊದಲೇ ಅವಳ ಹತ್ತಿರ ಹೋಗಿ, “ಅಜ್ಜಿ, ಕಾಲು ವಾಸಿ ಆಯ್ತು,” ಎಂದು ಅಂಗಾಲು ತೋರಿಸಿದಳು. ನಾಗಕ್ಕ ಬಗ್ಗಿ ನೋಡಿದಳು. ಆದರೆ ಮುಟ್ಟಲಿಲ್ಲ. ಮೊರ ಕೆಳಗಿಟ್ಟು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ಈಗ ಯಾರ್ ಮಕ್ಕಳನ್ನೂ ಮುಟ್ಟಲ್ಲ ಅವ್ಳು,” ಎಂದ ಎತ್ತಪ್ಪ, ಯಾರಿಗೋ ಹೇಳುವಂತೆ. “ಮೊಮ್ಮಗಳನ್ನ ಎತ್ಕಳಾಕೂ ಹಿಂದೆ ಮುಂದೆ ನೋಡ್ತಾಳೆ.”

ನಾನು ಬರುವಾಗ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಿದ್ದೆ. ಅಲ್ಲಿ ಅದನ್ನೆಲ್ಲ ಬಿಟ್ಟೆ. “ನಂದು ತಪ್ಪಾಯ್ತು ನಾಗಕ್ಕ. ಕ್ಷಮಿಸ್ಬೇಕು,” ಎಂದೆ. ಕೈ ಮುಗಿದೆ.

ಅವಳು ನನ್ನ ಕಡೆ ತಿರುಗಿದಳು. “ನನ್ ಮುಂದೆ ಹೇಳಿ ಏನ್ ಬಂತು ಮೇಡಮ್ಮ? ನಾನು ಕಳ್ಳಿ ಅಲ್ಲ ಅಂತ ನಂಗೆ ಮೊದ್ಲೇ ಗೊತ್ತೈತೆ. ಗೊತ್ತಿಲ್ದೋರಿಗೆ ಹೇಳು.”

ಕಾವ್ಯಶ್ರೀ ನನ್ನ ಕಡೆ ನೋಡಿದಳು. ನಾನು ಚೀಲದಿಂದ ಫೋನು ತೆಗೆದೆ. ನನ್ನ ಪಕ್ಕದಲ್ಲಿ ಬಂದು ಕೂರುತ್ತೀಯಾ, ಇಬ್ಬರೂ ಕಾಣುವಂತೆ ತೆಗೆಯೋಣ ಎಂದು ನಾಗಕ್ಕನನ್ನು ಕೇಳಿದೆ.

“ನನ್ ಮಖ ಹಾಕ್ಬ್ಯಾಡ,” ಎಂದಳು. “ನನ್ ಮಖ ಸಾಕಷ್ಟು ಜನ ನೋಡ್ಯವ್ರೆ. ನಿನ್ ಮಖ ಹಾಕು.”

ಕಾವ್ಯಶ್ರೀ ಫೋನು ಹಿಡಿದಳು. ನಾನು ಶುರು ಮಾಡಿದೆ. ಎಲ್ಲರಿಗೂ ನಮಸ್ಕಾರ, ಜನವರಿಯಲ್ಲಿ ಹೊಸದುರ್ಗದಲ್ಲಿ ಒಂದು ತಪ್ಪು ತಿಳುವಳಿಕೆಯಿಂದ ಅಹಿತಕರ ಘಟನೆ ನಡೆಯಿತು, ಎಂದೆ. ಅವಳು ಫೋನು ಕೆಳಗಿಳಿಸಿದಳು.

“ಮೇಡಂ, ಘಟನೆ ನಡೀತು ಅಂದ್ರೆ ಯಾರೂ ಹೊಡೀಲೇ ಇಲ್ಲ ಅಂತ ಆಗುತ್ತೆ. ಕರ್ತೃ ಪದ ಎಲ್ಲಿ?”

ವ್ಯಾಕರಣ ಕಲಿಸಿದವಳು ನಾನೇ. ಎತ್ತಪ್ಪನಿಗೆ ಅವಳ ಮಾತು ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದ. ನಾನು ಮೊದಲಿನಿಂದ ಹೇಳಿದೆ. ‘ನನ್ನ ಹೆಸರು ಯಶೋದಾ. ನಾನು ಹೊಸದುರ್ಗದಲ್ಲಿ ಉಪನ್ಯಾಸಕಿ. ನೀವು ನೋಡಿದ ವಿಡಿಯೋದಲ್ಲಿ ಹೊಡೆದ ಕೈ ನನ್ನದು. ನಾನು ಹೊಡೆದದ್ದು ಮಕ್ಕಳ ಕಳ್ಳಿಗೆ ಅಲ್ಲ. ದಾರಿ ತಪ್ಪಿದ ನನ್ನ ಮಗಳ ಕಾಲಿನ ಮುಳ್ಳು ತೆಗೆದು, ಕೈ ಹಿಡಿದು ಮನೆಗೆ ತಂದು ಬಿಟ್ಟವಳಿಗೆ. ಆ ಸುಳ್ಳು ಸಂದೇಶವನ್ನು ಹಿಂದಿನ ದಿನ ಮೂರು ಗುಂಪಿಗೆ ಕಳಿಸಿದವಳೂ ನಾನೇ.’ ನಾಗಕ್ಕ ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮತ್ತೆ ಮೊರ ಎತ್ತಿಕೊಂಡಳು.

ಅಲ್ಲೇ ಕೂತು ಅದನ್ನು ಬಡಾವಣೆಯ ಗುಂಪಿಗೂ ಆ ಮೂರು ಗುಂಪಿಗೂ ಕಳಿಸಿದೆ. ನಾವು ಹಿರಿಯೂರು ತಲುಪುವ ಹೊತ್ತಿಗೆ ಓಬಳೇಶಪ್ಪನವರು ನನ್ನನ್ನು ಗುಂಪಿನಿಂದ ತೆಗೆದಿದ್ದರು. ಸಂಜೆ ಮನೆಗೇ ಬಂದರು.

“ನಿಮ್ ತಪ್ಪು ಒಪ್ಕಳ್ರಿ, ಬ್ಯಾಡ ಅನ್ನಲ್ಲ. ಊರ ಹೆಸ್ರು ಯಾಕೆ ಎತ್ತಿದ್ರಿ? ನಮಗೂ ಮರ್ಯಾದೆ ಐತೆ.”

“ಅವಳಿಗೂ ಇತ್ತಲ್ರಿ,” ಎಂದೆ. ಅವರು ಕಾಫಿ ಕುಡಿಯದೆ ಎದ್ದು ಹೋದರು. ಅವರು ಕೆಟ್ಟ ಮನುಷ್ಯರೇನಲ್ಲ. ಕೊರೊನಾ ಕಾಲದಲ್ಲಿ ಬೀದಿಯ ಮನೆ ಮನೆಗೂ ಔಷಧಿ ತಂದುಕೊಟ್ಟವರು. ಅವತ್ತೂ ನನ್ನ ಮಗಳನ್ನು ಉಳಿಸುತ್ತಿದ್ದೇನೆ ಎಂದೇ ನಂಬಿದ್ದರು. ಅದನ್ನು ನೆನೆದರೆ ನನಗೆ ಹೆಚ್ಚು ಭಯವಾಗುತ್ತದೆ.

ಪ್ರಾಂಶುಪಾಲರು ಕರೆದು, ಇನ್ನು ಮುಂದೆ ಕಾಲೇಜಿನ ಮಾತು ಬರದಂತೆ ನೋಡಿಕೊಳ್ಳಿ ಎಂದರು. ಕೆಲವರು ಮೆಚ್ಚಿ ಬರೆದರು, ಕೆಲವರು ಬೈದು ಬರೆದರು. ಆದರೆ ಸುಳ್ಳಿನ ವಿಡಿಯೋ ಹೋದಷ್ಟು ದೂರ ನನ್ನದು ಹೋಗಲಿಲ್ಲ, ಅದರ ಕಾಲು ಭಾಗವೂ ಹೋಗಲಿಲ್ಲ. ಜನರಿಗೆ ಕಳ್ಳಿ ಸಿಕ್ಕಿದಳು ಎಂಬುದು ಬೇಕಿತ್ತು. ಸಿಗಲಿಲ್ಲ ಎಂಬುದು ಯಾರಿಗೂ ಬೇಕಿರಲಿಲ್ಲ.

ಒಂದು ಸಲ ಹೇಳಿದರೆ ಸಾಲದು ಎಂದು ಆಗ ತಿಳಿಯಿತು. ಏಪ್ರಿಲ್ ರಜೆಯಲ್ಲಿ ಮತ್ತೋಡಿಗೆ ಹೋದೆ. ಅಲ್ಲಿ ನನ್ನ ಸೋದರಮಾವ ಗೋವಿಂದಯ್ಯನದು ತೆಂಗಿನ ತೋಟ, ಪಕ್ಕದಲ್ಲಿ ಬಯಲು ಹೊಲ. ಒಂದು ವಾರ ಎತ್ತಪ್ಪನ ಮಂದೆ ನಿಲ್ಲಿಸಿಕೊಳ್ಳುತ್ತೀಯಾ ಎಂದು ಕೇಳಿದೆ.

“ಆ ಹೆಂಗಸು ಐತಲ್ಲ, ಅವ್ಳೇನಾ?” ಎಂದ ಮಾವ. ಅವನೂ ಮೊದಲನೆಯದನ್ನು ನೋಡಿದ್ದ, ಎರಡನೆಯದನ್ನು ನೋಡಿರಲಿಲ್ಲ. ನಾನು ಕೂತು ಪೂರ್ತಿ ಹೇಳಿದೆ. ಅವನು ಬೀಡಿ ಹಚ್ಚಿಕೊಂಡ. “ನಾನೂ ಅದನ್ನ ನಾಕ್ ಜನಕ್ಕೆ ತೋರ್ಸಿದೀನಿ ಕಣವ್ವ,” ಎಂದ. “ಬರ್ಲಿ. ಊರೋರು ಕೇಳಿದ್ರೆ ನೀನೇ ಇದ್ದು ಹೇಳ್ಬೇಕು.”

ಕಾವ್ಯಶ್ರೀಯ ಮೂಲಕ ಎತ್ತಪ್ಪನಿಗೆ ಹೇಳಿ ಕಳಿಸಿದೆ. ಮಾವ ಹೇಳಿದ ಹಾಗೇ ಮಾಡಿದೆ. ಮಂದೆ ಬಂದ ದಿನದಿಂದ ಅಂಜಲಿಯನ್ನು ಕರೆದುಕೊಂಡು ಮಾವನ ಮನೆಯಲ್ಲೇ ಉಳಿದೆ. ಮೊದಲ ದಿನ ಊರ ಗಂಡಸರು ಏಳೆಂಟು ಜನ ಬೇಲಿಯ ಹತ್ತಿರ ಬಂದು ನಿಂತರು. ನಾನು ಹೋಗಿ ಹೊಡೆದವಳು ನಾನೇ ಎಂದೆ. ಎರಡನೆಯ ದಿನ ಹೆಂಗಸರು ಬಂದರು. ಅವರಿಗೂ ಹೇಳಿದೆ. ಅಂಗಡಿಯ ಮುಂದೆ, ಹಾಲಿನ ಡೈರಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ, ಕೇಳಿದವರಿಗೆಲ್ಲ ಹೇಳಿದೆ. ಪ್ರತಿ ಸಲವೂ ಮುಖ ಬಿಸಿಯಾಗುತ್ತಿತ್ತು. ಹತ್ತು ಸಲ ಹೇಳಿದ ಮೇಲೂ ಅಭ್ಯಾಸವಾಗಲಿಲ್ಲ. ಆರು ವರ್ಷ ಅನುಕಂಪದ ಬಗ್ಗೆ ಟಿಪ್ಪಣಿ ಬರೆಸಿದಾಗ ಅದರಲ್ಲಿ ಇಷ್ಟು ತಿರುಗಾಟವಿದೆ, ಇಷ್ಟು ಬೇಸರವಿದೆ ಎಂದು ನನಗೆ ಹೊಳೆದಿರಲಿಲ್ಲ. ನಾಲ್ಕನೆಯ ದಿನ ಬಾಲರಾಜು ರಜೆ ಹಾಕಿ ಬಂದರು. ಎತ್ತಪ್ಪನ ಜೊತೆ ಬೇಲಿಗೆ ಮುಳ್ಳುಕಂಟಿ ಎಳೆದರು.

ಐದನೆಯ ದಿನ ನಾನು ತೋಟಕ್ಕೆ ಹೋದಾಗ ಊರಿನ ಮೂವರು ಹೆಂಗಸರು ನಾಗಕ್ಕನ ಜೊತೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಯಾವುದೋ ಮದುವೆಯ ಮಾತು. ಅವರು ನನ್ನ ಕಡೆ ನೋಡಲಿಲ್ಲ. ನಾನು ದೂರದಲ್ಲೇ ತಿರುಗಿ ಬಂದೆ.

ಮಂದೆ ಹೊರಡುವ ದಿನ ಬೆಳಿಗ್ಗೆ ಸಾಮಾನೆಲ್ಲ ಕತ್ತೆಯ ಮೇಲೆ ಹೇರಿ ಆಗಿತ್ತು. ಹೊಳಲ್ಕೆರೆಯ ಕಡೆ ಇಬ್ಬರು ರೈತರು ಮಂದೆ ಬೇಕೆಂದು ಮಾವನ ಮೂಲಕ ಹೇಳಿ ಕಳಿಸಿದ್ದರು. ನಾಗಕ್ಕ ನನ್ನ ಹತ್ತಿರ ಬಂದು ನಿಂತಳು.

“ಮೇಡಮ್ಮ, ಒಂದು ಮಾತು. ನೀನು ಇಷ್ಟೆಲ್ಲ ಮಾಡಿದ್ದಕ್ಕೆ ಸುಳ್ಳು ಹೇಳ್ಬಾರ್ದು. ನಿನ್ ಮ್ಯಾಲೆ ನಂಗೆ ಸಿಟ್ಟು ಇನ್ನೂ ಹೋಗಿಲ್ಲ. ಹೋದಾಗ ಕಾವ್ಯನ ಕೈಲಿ ಹೇಳಿ ಕಳಿಸ್ತೀನಿ.”

“ಆಗ್ಲಿ ನಾಗಕ್ಕ,” ಎಂದೆ. ಬೇರೆ ಏನು ಹೇಳಿದ್ದರೂ ಅದು ನನಗಾಗಿ ಹೇಳಿಕೊಂಡದ್ದಾಗುತ್ತಿತ್ತು.

ಎತ್ತಪ್ಪ ನಾಲಿಗೆಯಲ್ಲಿ ಸದ್ದು ಮಾಡಿದ. ಕುರಿಗಳು ಎದ್ದು ಒಂದರ ಹಿಂದೆ ಒಂದು ರಸ್ತೆಗೆ ಬಂದವು. ಅಂಜಲಿ ಗೇಟು ದಾಟಿ ತಿರುವಿನವರೆಗೂ ಅವುಗಳ ಜೊತೆ ಹೋದಳು. ಅಲ್ಲಿ ಅರಳೀಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ, “ಯಾರ್ ಮಗಳವ್ವ ನೀನು?” ಎಂದು ಕೇಳಿದ. ಅವಳು ನನ್ನ ಕಡೆ ತಿರುಗಿ ನೋಡದೆ ತಾನೇ ನನ್ನ ಹೆಸರು ಹೇಳಿದಳು.